ಹಾರ ಹಾಕಿದವರು ಹಾಳೆ ತಿರುವಿದರೆ?

೨೦೨೫ನೆಯ ಇಸವಿ ಮೇ ತಿಂಗಳ ೨೨ನೆಯ ತಾರೀಖು ಬೆಳಿಗ್ಗೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಮೈಸೂರುಪಾಕು ಹಂಚಿದರು. ಅದಕ್ಕೆ ಎರಡು ದಿನ ಹಿಂದೆ, ೨೦ನೆಯ ತಾರೀಖು ರಾತ್ರಿ, ಲಂಡನ್ನಿನಲ್ಲಿ ಶ್ರೀಮತಿ ಬಾನು ಮುಷ್ತಾಕರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತ್ತು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನವೊಂದಕ್ಕೆ ಬಂದದ್ದೂ ಅದೇ ಮೊದಲು. ಬೆಳಗಿನ ಹೊತ್ತು ಗಾಳಿ ಸೇವಿಸಲು ಸೇರುವ ನಮ್ಮ ಗುಂಪಿನಲ್ಲಿ ಒಬ್ಬರು ನಿವೃತ್ತ ಇಂಜಿನಿಯರು, ಇಬ್ಬರು ಬ್ಯಾಂಕಿನಲ್ಲಿದ್ದವರು, ಒಬ್ಬರು ಜೀವವಿಮೆಯವರು, ಮತ್ತು ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನಾನು. ಇಂಜಿನಿಯರು ಮಿತ್ರರು ಡಬ್ಬಿಯ ಮುಚ್ಚಳ ತೆಗೆದು, "ತಗೊಳ್ಳಿ ಸ್ವಾಮಿ, ಕನ್ನಡ ಗೆದ್ದಿತು!" ಎಂದರು. ತೆಗೆದುಕೊಂಡೆವು. ತುಪ್ಪಕ್ಕೆ ಜಿಪುಣತನ ಮಾಡಿರಲಿಲ್ಲ. ಬಾಯಿ ಸಿಹಿಯಾದ ಮೇಲೆ ನಾನು ಕೇಳಬಾರದ ಪ್ರಶ್ನೆಯೊಂದನ್ನು ಕೇಳಿದೆ: "ಆಕೆಯ ಕಥೆಗಳಲ್ಲಿ ನಿಮಗೆ ಯಾವುದು ಹಿಡಿಸಿತು?"

ಒಬ್ಬರು ಕೈಯೊರೆಸಿಕೊಂಡರು. ಇನ್ನೊಬ್ಬರು, "ಸಿನಿಮಾ ಆಗಿತ್ತಲ್ಲ, ತಾರಾ ಮಾಡಿದ್ದರು" ಎಂದರು. ಮತ್ತೊಬ್ಬರು, "ಮನೆಯಲ್ಲಿ ಇರಬೇಕು, ಸೊಸೆ ಓದುತ್ತಾಳೆ" ಎಂದರು. ಇಂಜಿನಿಯರು ಮಾತ್ರ ನೇರ ಮನುಷ್ಯರು. "ನಾನು ಓದಿಲ್ಲ. ನೀವು ಓದಿದ್ದೀರಾ ಮೇಷ್ಟ್ರೇ?" ಎಂದು ತಿರುಗಿ ಕೇಳಿದರು.

ನಾನೂ ಓದಿರಲಿಲ್ಲ.

ಆದ್ದರಿಂದ ಈ ಲೇಖನ ಆ ನಾಲ್ವರ ಮೇಲೆ ಬರೆದದ್ದಲ್ಲ, ಐವರ ಮೇಲೆ ಬರೆದದ್ದು; ಮತ್ತು ನಮ್ಮಂಥ ಐವರು ಈ ನಾಡಿನ ಪ್ರತಿ ಪಾರ್ಕಿನಲ್ಲೂ ಇದ್ದಾರೆಂಬ ನಂಬಿಕೆಯ ಮೇಲೆ ಬರೆದದ್ದು. ನಾನು ಹೇಳಬೇಕಾದದ್ದು ಇಷ್ಟೆ: ನಮ್ಮಲ್ಲಿ ಪ್ರಶಸ್ತಿಯು ಓದಿಗೆ ದಾರಿಯಾಗುವ ಬದಲು ಓದಿಗೆ ಬದಲಿಯಾಗಿ ಕುಳಿತಿದೆ. ಸನ್ಮಾನ ಮಾಡಿದರೆ ಋಣ ತೀರಿತೆಂದು ನಾವು ತಿಳಿದಿದ್ದೇವೆ. ಆದರೆ ಓದಿಸಿಕೊಳ್ಳದ ಲೇಖಕ ಸುಮ್ಮನೆ ಇರುವುದಿಲ್ಲ. ಆತ ಯಾರದೋ ಕೈಯಲ್ಲಿ ಬಾವುಟವಾಗುತ್ತಾನೆ. ೨೦೨೫ರಲ್ಲಿ ನಮ್ಮ ದೇಶದ ಸಾಹಿತ್ಯದಲ್ಲಿ ನಡೆದ ಮೂರು ನಾಲ್ಕು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ಅಂಗೈ ಹುಣ್ಣಿನಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ನನ್ನ ಮನೆಯ ಕಥೆ ಮುಗಿಸುತ್ತೇನೆ. ಪ್ರಶಸ್ತಿ ಬಂದ ವಾರದಲ್ಲೇ ನನ್ನ ಮೊಮ್ಮಗಳು 'ಹಾರ್ಟ್ ಲ್ಯಾಂಪ್' ಕೊಂಡು ತಂದಳು. ಕನ್ನಡವನ್ನು ಅವಳು ಮಾತಾಡಬಲ್ಲಳೇ ಹೊರತು ಸರಾಗವಾಗಿ ಓದಲಾರಳು. ಆ ತಪ್ಪೂ ನಮ್ಮದೇ. ಇಂಗ್ಲಿಷಿಗೆ ತಂದ ಶ್ರೀಮತಿ ದೀಪಾ ಭಾಸ್ತಿಯವರು ಕನ್ನಡದ, ಉರ್ದುವಿನ, ಅರಬ್ಬಿಯ ಮಾತುಗಳನ್ನು ಹಾಗೆಯೇ ಉಳಿಸಿ, ಅವನ್ನು ಓರೆ ಅಕ್ಷರಗಳಲ್ಲಿ ಬೇರೆ ಮಾಡಿ ತೋರಿಸದೆ, ಅಡಿಟಿಪ್ಪಣಿಯನ್ನೂ ಕೊಡದೆ ಬಿಟ್ಟಿದ್ದಾರೆ. ಅತಿಥಿಯ ಮುಂದೆ ಮನೆಯ ಮಾತನ್ನು ಮುಚ್ಚಿಡದ ಈ ಧೈರ್ಯ ನನಗೆ ಬಹಳ ಮೆಚ್ಚಿಗೆಯಾಯಿತು. ಆದರೆ ಅದರ ಪರಿಣಾಮವಾಗಿ ಹುಡುಗಿ ಪುಟಕ್ಕೊಂದು ಸಲ ನನ್ನ ಬಳಿಗೆ ಬಂದಳು. "ತಾತ, ಇದು ಮೂಲದಲ್ಲಿ ಹೇಗಿದೆ? ನಿಮ್ಮ ಹತ್ತಿರ ಕನ್ನಡದ್ದು ಇದೆಯಲ್ಲ, ತೆಗೀರಿ ನೋಡೋಣ" ಎಂದಳು. ನನ್ನ ಮನೆಯ ಗೋಡೆಯುದ್ದಕ್ಕೂ ಪುಸ್ತಕಗಳಿವೆ. ಬಂದವರು ನೋಡಿ ತಲೆದೂಗುತ್ತಾರೆ. ಅವುಗಳಲ್ಲಿ ಅದು ಇರಲಿಲ್ಲ.

ಇರಲಿಲ್ಲವೆಂದು ಆ ಮಗುವಿಗೆ ಹೇಳುವಾಗ ಆದ ನಾಚಿಕೆಯೇ ನನ್ನನ್ನು ಶಾಖಾ ಗ್ರಂಥಾಲಯಕ್ಕೆ ಕಳುಹಿಸಿತು. ಗ್ರಂಥಪಾಲಕರು ಸಜ್ಜನರು, ಕಪಾಟಿನ ಕೆಳಗಿನ ಸಾಲಿನಿಂದ ಹಳೆಯದೊಂದು ಕಥಾಸಂಕಲನವನ್ನು ಹುಡುಕಿ, ಧೂಳು ಕೊಡವಿ ಕೊಟ್ಟರು. ಕೊನೆಯ ಪುಟಕ್ಕೆ ಅಂಟಿಸಿದ್ದ ತಾರೀಖಿನ ಚೀಟಿಯಲ್ಲಿ ನಾಲ್ಕು ಮೊಹರುಗಳಿದ್ದವು. ಇಷ್ಟು ವರ್ಷಗಳಲ್ಲಿ ನಾಲ್ಕು ಸಲ ಯಾರೋ ಆ ಪುಸ್ತಕವನ್ನು ಮನೆಗೆ ಒಯ್ದಿದ್ದರು. ಆ ನಾಲ್ವರು ಯಾರೆಂದು ನನಗೆ ಗೊತ್ತಿಲ್ಲ. ಪಾರ್ಕಿನ ಮೈಸೂರುಪಾಕು ನಿಜವಾಗಿ ಸಲ್ಲಬೇಕಾಗಿದ್ದದ್ದು ಅವರಿಗೆ.

ಓದಿದೆ. 'ಎದೆಯ ಹಣತೆ'ಯ ಮೆಹರುನ್ ಗಂಡ ಕೈಬಿಟ್ಟನೆಂದು ಕಂಕುಳ ಕೂಸಿನೊಡನೆ ತವರಿಗೆ ಬರುತ್ತಾಳೆ. ಮನೆತನದ ಮರ್ಯಾದೆಯ ಮಾತಾಡುವ ಅಣ್ಣಂದಿರು ಅವಳನ್ನು ಹಿಂದಕ್ಕೆ ಬಿಟ್ಟು ಬರುತ್ತಾರೆ. ಆ ರಾತ್ರಿ ಅವಳ ಕೈಗೆ ಸಿಗುವುದು ಸೀಮೆಎಣ್ಣೆ; ಅವಳನ್ನು ತಡೆಯುವವಳು ಹೆತ್ತ ಮಗಳು. ಇದರಲ್ಲಿ ಮುಸ್ಲಿಮರ ಮನೆಗೆ ಮಾತ್ರ ಸೇರಿದ್ದು ಏನಿದೆ? ಇಂಥ ಅಣ್ಣಂದಿರನ್ನು ನಾನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ತಿಂಡಿ ಕಾಫಿ ಮುಗಿಸಿಕೊಂಡು, "ಹೊಂದಿಕೊಂಡು ಹೋಗಬೇಕಮ್ಮ" ಎಂದು ತಂಗಿಯನ್ನು ಮರಳಿ ಗಂಡನ ಮನೆಯ ಬಾಗಿಲಲ್ಲಿ ಇಳಿಸಿ ಬಂದ ಅಣ್ಣಂದಿರು. ಒಂದು ಸಲ ಆ ಕಾರಿನಲ್ಲಿ ಹಿರಿಯನೆಂದು ನಾನೂ ಕುಳಿತಿದ್ದೆ. ಕಥೆ ಮುಗಿದ ಮೇಲೆ ಅದು ನೆನಪಿಗೆ ಬಂದು, ಆ ರಾತ್ರಿ ನಾನು ನಿದ್ರೆ ಮಾಡಲಿಲ್ಲ. ಪ್ರಶಸ್ತಿಯ ಸುದ್ದಿ ಓದಿದ ರಾತ್ರಿ ಸುಖವಾಗಿ ನಿದ್ರೆ ಬಂದಿತ್ತು. ಸುದ್ದಿಗೂ ಕಥೆಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇಷ್ಟು ದೊಡ್ಡದು.

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ಇಲ್ಲಿ ಯಾರಾದರೂ ನೆನಪಿಸಬಹುದು. ನಮ್ಮವರನ್ನು ಹೊರಗಿನವರು ಗುರುತಿಸಿದ ಮೇಲೆ ನಾವು ಗುರುತಿಸುತ್ತೇವೆ ಎಂಬುದು ಹಳೆಯ ದೂರು. ಆದರೆ ನನ್ನ ದೂರು ಅದಲ್ಲ. ಹೊರಗಿನವರಿಗಿಂತ ಮೊದಲೇ ನಾವು ಗುರುತಿಸಿದ್ದೆವು. ಕರ್ನಾಟಕ ಸಾಹಿತ್ಯ ಅಕಾಡೆಮಿಯು ೧೯೯೯ರಲ್ಲೇ ಆಕೆಗೆ ಪ್ರಶಸ್ತಿ ಕೊಟ್ಟಿತ್ತು. ಶ್ರೀ ಗಿರೀಶ ಕಾಸರವಳ್ಳಿಯವರು 'ಕರಿ ನಾಗರಗಳು' ಕಥೆಯನ್ನು ೨೦೦೪ರಲ್ಲಿ 'ಹಸೀನಾ' ಎಂಬ ಚಿತ್ರ ಮಾಡಿದ್ದರು. ಅದರ ಅಭಿನಯಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ಪ್ರಶಸ್ತಿಯೇ ಜನರನ್ನು ಓದಿಸುವುದಾದರೆ ೧೯೯೯ರ ಪ್ರಶಸ್ತಿ ನನ್ನನ್ನು ಓದಿಸಬೇಕಾಗಿತ್ತು. ಓದಿಸಲಿಲ್ಲ. ಪತ್ರಿಕೆಯಲ್ಲಿ ಹೆಸರು ನೋಡಿದೆ, 'ಸಂತೋಷ' ಎಂದುಕೊಂಡೆ, ಪುಟ ತಿರುವಿದೆ. ಮಸೀದಿಗೆ ಹೆಂಗಸರಿಗೂ ಪ್ರವೇಶವಿರಬೇಕೆಂದು ಹೇಳಿದ್ದಕ್ಕಾಗಿ ೨೦೦೦ದಲ್ಲಿ ಹಾಸನದಲ್ಲಿ ಆಕೆಗೆ ಬಹಿಷ್ಕಾರ ಹಾಕಿ ಬೆದರಿಸಿದಾಗ, ಸಿಹಿ ಹಂಚುವ ನಮ್ಮಂಥವರು ಎಲ್ಲಿದ್ದೆವು? ಕಥೆಗಳನ್ನು ಓದಿದ್ದರೆ, ಆ ಬೆದರಿಕೆ ಏಕೆ ಬಂತೆಂದೂ ಅದರ ಎದುರು ಆಕೆ ಏಕೆ ಬಗ್ಗಲಿಲ್ಲವೆಂದೂ ನಮಗೆ ತಿಳಿಯುತ್ತಿತ್ತು.

ಈ ಬೂಕರ್ ಎಲ್ಲಿ ಹುಟ್ಟಿತೆಂಬುದನ್ನೂ ಸ್ವಲ್ಪ ನೋಡೋಣ. ಲಂಡನ್ನಿನಲ್ಲಲ್ಲ. ಮಡಿಕೇರಿಯಲ್ಲಿರುವ ದೀಪಾ ಭಾಸ್ತಿಯವರು ಬಾನು ಅವರ ಸಂಕಲನಗಳನ್ನು ಓದಿ, ೧೯೯೦ರಿಂದ ೨೦೨೩ರವರೆಗೆ ಬರೆದ ಕಥೆಗಳಿಂದ ಹನ್ನೆರಡನ್ನು ಆರಿಸಿ ಇಂಗ್ಲಿಷಿಗೆ ತಂದದ್ದರಿಂದ ಈ ಗ್ರಂಥವಾಯಿತು. ಅನುವಾದಕರೆಂದರೆ ಯಾರು? ಒಂದು ಪುಸ್ತಕವನ್ನು ಅಕ್ಷರ ಬಿಡದೆ, ಅಲ್ಪವಿರಾಮ ಬಿಡದೆ ಓದುವವರು. ಲೋಕದಲ್ಲಿ ಅವರಿಗಿಂತ ಶ್ರದ್ಧೆಯ ಓದುಗರಿಲ್ಲ. ಆ ಪ್ರಶಸ್ತಿಯ ನಿಯಮವೂ ಇದನ್ನು ಒಪ್ಪಿದೆ. ೫೦ ಸಾವಿರ ಪೌಂಡುಗಳನ್ನು ಬರೆದವರಿಗೂ ಅನುವಾದಿಸಿದವರಿಗೂ ಸಮನಾಗಿ ಹಂಚುತ್ತದೆ. ಆ ವರ್ಷ ಸ್ಪರ್ಧೆಗೆ ಬಂದ ೧೫೪ ಪುಸ್ತಕಗಳನ್ನು ಐವರು ತೀರ್ಪುಗಾರರು ಕುಳಿತು ಓದಿದರು. ಮೊದಲು ಹದಿಮೂರು, ಆಮೇಲೆ ಆರು, ಕೊನೆಗೆ ಒಂದು. ಒಬ್ಬ ಕನ್ನಡತಿ ಓದಿದರು, ಐವರು ಪರದೇಶದಲ್ಲಿ ಓದಿದರು, ಕನ್ನಡಕ್ಕೆ ಬೂಕರ್ ಬಂತು. ಅಲ್ಲೂ ಐವರು, ನಮ್ಮ ಪಾರ್ಕಿನಲ್ಲೂ ಐವರು. ಅವರ ಪಾಲಿಗೆ ೧೫೪ ಪುಸ್ತಕ, ನಮ್ಮ ಪಾಲಿಗೆ ಒಂದು ಡಬ್ಬಿ ಮೈಸೂರುಪಾಕು.

ಓದದಿದ್ದರೆ ನಷ್ಟವೇನು, ಹೆಮ್ಮೆ ಪಟ್ಟರೆ ಸಾಲದೆ ಎಂದು ಕೇಳಬಹುದು. ನಷ್ಟವೇನೆಂಬುದು ನಾಲ್ಕೇ ತಿಂಗಳಲ್ಲಿ ಗೊತ್ತಾಯಿತು. ಮೈಸೂರು ದಸರೆಯ ಉದ್ಘಾಟನೆಗೆ ಸರ್ಕಾರ ಬಾನು ಮುಷ್ತಾಕರನ್ನು ಕರೆಯಿತು. ಕೂಡಲೇ ನಾಡು ಎರಡು ಪಾಳಯವಾಯಿತು. ಆಗಬಾರದೆಂದವರು ಆಕೆಯ ಮತವನ್ನೂ ಹಿಂದಿನ ಭಾಷಣವೊಂದರ ತುಣುಕನ್ನೂ ಹಿಡಿದರು. ಆಗಬೇಕೆಂದವರು ಸಂವಿಧಾನವನ್ನೂ, ಕವಿ ನಿಸಾರ್ ಅಹಮದರು ೨೦೧೭ರಲ್ಲಿ ಅದೇ ಕಾರ್ಯ ಮಾಡಿದ್ದನ್ನೂ ಹಿಡಿದರು. ವ್ಯಾಜ್ಯ ಹೈಕೋರ್ಟಿಗೂ, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡೂ ಕಡೆ ಅರ್ಜಿಗಳು ವಜಾ ಆದವು. ಸೆಪ್ಟೆಂಬರ್ ೨೨ರಂದು ಚಾಮುಂಡಿ ಬೆಟ್ಟದಲ್ಲಿ ಆಕೆ ದೀಪ ಬೆಳಗಿದರು. ನ್ಯಾಯಾಲಯ ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಈಗ ನನ್ನ ಮಾತು ಅದರ ಬಗ್ಗೆ ಅಲ್ಲ. ಆ ಒಂದು ತಿಂಗಳು ನಾನು ಪತ್ರಿಕೆಗಳನ್ನು ತಪ್ಪದೆ ಓದಿದೆ, ಟೆಲಿವಿಷನ್ನಿನ ಕೂಗಾಟವನ್ನೂ ಕೇಳಿದೆ. ನನ್ನ ಕಣ್ಣಿಗೂ ಕಿವಿಗೂ ಬಿದ್ದ ಆ ಅಷ್ಟು ಮಾತಿನಲ್ಲಿ, ಪರವಾಗಿ ಆಗಲಿ ವಿರೋಧವಾಗಿ ಆಗಲಿ, ಯಾರೊಬ್ಬರೂ ಆಕೆಯ ಒಂದು ಕಥೆಯನ್ನು ಆಧಾರವಾಗಿ ಎತ್ತಲಿಲ್ಲ. ಕತೆಗಾರ್ತಿಯೊಬ್ಬರ ಯೋಗ್ಯತೆಯನ್ನು ಕುರಿತು ಒಂದು ನಾಡು ಒಂದು ತಿಂಗಳು ಜಗಳವಾಡಿತು. ಕಥೆಯೊಂದನ್ನು ಬಿಟ್ಟು ಉಳಿದುದೆಲ್ಲ ಸಾಕ್ಷ್ಯಕ್ಕೆ ಬಂತು.

ಬಾವುಟವಾಗುವುದೆಂದರೆ ಇದೇ. ಬಾವುಟವನ್ನು ಏರಿಸಬಹುದು, ಇಳಿಸಬಹುದು, ಓದಲು ಬರುವುದಿಲ್ಲ.

ದಸರೆಯ ದೀಪ ಬೆಳಗಿದ ಎರಡೇ ದಿನಕ್ಕೆ, ಸೆಪ್ಟೆಂಬರ್ ೨೪ರಂದು, ಶ್ರೀ ಎಸ್. ಎಲ್. ಭೈರಪ್ಪನವರು ತಮ್ಮ ೯೪ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರ ವಿಚಾರದಲ್ಲಿ ನನ್ನ ವಾದಕ್ಕೆ ಒಂದು ತೊಡಕಿದೆ. ಅದನ್ನು ನಾನೇ ಹೇಳಿಬಿಡುವುದು ಪ್ರಾಮಾಣಿಕತನ. ಭೈರಪ್ಪನವರನ್ನು ಜನ ಓದಿದರು. ೧೯೬೫ರ 'ವಂಶವೃಕ್ಷ'ದಿಂದ ೨೦೦೭ರ 'ಆವರಣ'ದವರೆಗೆ, ಅದರಾಚೆಗೂ, ಅವರ ಕಾದಂಬರಿಗಳು ಮೇಲಿಂದ ಮೇಲೆ ಅಚ್ಚಾದವು. ಮನೆಮನೆಯಲ್ಲಿ ಜಗಳ ಹುಟ್ಟಿಸಿದವು. ಅವರನ್ನು ಒಪ್ಪದವರೂ ಪುಸ್ತಕ ಕೈಯಲ್ಲಿ ಹಿಡಿದೇ ಒಪ್ಪಲಿಲ್ಲ. ಒಬ್ಬ ಲೇಖಕನಿಗೆ ಇದಕ್ಕಿಂತ ದೊಡ್ಡ ಮಾನ ಇನ್ನೇನು ಬೇಕು? ಆದರೂ ಅವರು ತೀರಿಕೊಂಡ ದಿನ ನಮ್ಮ ಪಾರ್ಕಿನಲ್ಲಿ ಎದ್ದ ಮೊದಲ ಮಾತು 'ಪರ್ವ'ದ ಕುಂತಿಯನ್ನು ಕುರಿತದ್ದಲ್ಲ, 'ಗೃಹಭಂಗ'ದ ನಂಜಮ್ಮನನ್ನು ಕುರಿತದ್ದಲ್ಲ. "ಅವರಿಗೆ ಜ್ಞಾನಪೀಠ ಕೊಡಲಿಲ್ಲವಲ್ಲ, ಅನ್ಯಾಯ" ಎಂಬುದು. ಅರವತ್ತು ವರ್ಷ ಓದಿದ ಓದುಗನೂ ಕೊನೆಗೆ ತನ್ನ ಓದನ್ನು ನಂಬಲಿಲ್ಲ. ಮೊಹರು ಬೀಳಲಿಲ್ಲವೆಂದು ಕೊರಗಿದ.

ಜ್ಞಾನಪೀಠದ ಲೆಕ್ಕವನ್ನು ನಾವು ಹೇಗೆ ಹೇಳುತ್ತೇವೆಂಬುದನ್ನು ಯಾರೂ ಬಲ್ಲರು. "ಎಂಟು ಸ್ವಾಮಿ, ಎಂಟು!" ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ, ೧೯೬೭ರಿಂದ ೨೦೧೦ರವರೆಗೆ. ಮಕ್ಕಳು ಮಗ್ಗಿ ಒಪ್ಪಿಸುವಂತೆ ಒಪ್ಪಿಸುತ್ತೇವೆ. ಎಂಟು ಹೆಸರು ಹೇಳುವವರಲ್ಲಿ ಎಂಟೂ ಜನರ ಒಂದೊಂದು ಪುಸ್ತಕವನ್ನಾದರೂ ಮೊದಲಿನಿಂದ ಕೊನೆಯವರೆಗೆ ಓದಿದವರು ಎಷ್ಟು ಮಂದಿ ಎಂದು ಕೇಳಿದರೆ ಮಗ್ಗಿ ನಿಲ್ಲುತ್ತದೆ. ಗೋಕಾಕರ ಮಹಾಕಾವ್ಯವನ್ನು ನಾನು ನಡುವೆ ಬಿಟ್ಟವನು. ಬೇರೆಯವರನ್ನು ಏಕೆ ಅನ್ನಲಿ? ಲೆಕ್ಕ ಇಡುವುದು ತಪ್ಪಲ್ಲ. ಕ್ರಿಕೆಟ್ಟಿನಲ್ಲಿ ಲೆಕ್ಕ ಇಡುತ್ತೇವೆ. ಆದರೆ ಆಟವನ್ನೂ ನೋಡುತ್ತೇವೆ.

ಈಗ ಒಂದು ಮಾತನ್ನು ಗಮನಿಸಬೇಕೆಂದು ವಾಚಕರನ್ನು ಬೇಡುತ್ತೇನೆ. ಆ ಸೆಪ್ಟೆಂಬರಿನಲ್ಲಿ ಬಾನು ಅವರ ಪರವಾದವರೂ ಭೈರಪ್ಪನವರ ಪರವಾದವರೂ ಪರಸ್ಪರ ಶತ್ರುಗಳೆಂಬಂತೆ ನಡೆದುಕೊಂಡರು. ಆದರೆ ಈ ಇಬ್ಬರು ಲೇಖಕರೂ ಹಾಸನ ಜಿಲ್ಲೆಯವರು. ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದವರು. ಬಾನು ಅವರು ಹಾಸನದಲ್ಲಿ ವಕೀಲಿ ಮಾಡಿದವರು. 'ಗೃಹಭಂಗ'ದ ನಂಜಮ್ಮ ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನು ಬರೆದು, ಪ್ಲೇಗಿನ ನಡುವೆ ಮಕ್ಕಳನ್ನು ಸಾಕುತ್ತಾಳೆ. ಬಾನು ಅವರ ಹೆಂಗಸರು ಮುತವಲ್ಲಿಯ ಬಾಗಿಲಲ್ಲಿ ನ್ಯಾಯಕ್ಕೆ ಕಾಯುತ್ತಾರೆ. ಒಬ್ಬಳು ಶಾನುಭೋಗರ ಮನೆಯವಳು, ಇನ್ನೊಬ್ಬಳು ಸಾಬರ ಕೇರಿಯವಳು. ನಡುವೆ ಕಾಲವೂ ಬಹಳ ಕಳೆದಿದೆ. ಆದರೂ ಎರಡನ್ನೂ ಓದಿದವರಿಗೆ ಇವರು ಅಕ್ಕಪಕ್ಕದ ಮನೆಯ ಹೆಂಗಸರಂತೆ, ಒಂದೇ ಬಾವಿಯಲ್ಲಿ ನೀರು ಸೇದುವವರಂತೆ ಕಾಣುತ್ತಾರೆ. ಒಂದನ್ನೇ ಓದಿದವರಿಗೆ, ಯಾವುದನ್ನೂ ಓದದವರಿಗೆ, ಇದು ಕಾಣುವುದಿಲ್ಲ.

ಇದು ನನ್ನ ಕಲ್ಪನೆಯಲ್ಲವೆಂಬುದಕ್ಕೆ ಸಾಕ್ಷಿ ಇದೆ. ಬಾನು ಅವರ ಕಥೆಯನ್ನು ೨೦೦೪ರಲ್ಲಿ ಚಿತ್ರ ಮಾಡಿದ ಕಾಸರವಳ್ಳಿಯವರೇ ೨೦೦೬ರಲ್ಲಿ ಭೈರಪ್ಪನವರ 'ನಾಯಿ ನೆರಳು' ಕಾದಂಬರಿಯನ್ನೂ ಚಿತ್ರ ಮಾಡಿದರು. 'ಗೃಹಭಂಗ'ವನ್ನು ಟೆಲಿವಿಷನ್ ಧಾರಾವಾಹಿಯಾಗಿ ತಂದವರೂ ಅವರೇ. ಅವರಿಗೆ ಈ ಇಬ್ಬರ ನಡುವೆ ಪಾಳಯ ಕಾಣಲಿಲ್ಲ, ಕಥೆ ಕಂಡಿತು. ಏಕೆಂದರೆ ಅವರು ಓದಿದ್ದರು. ನಮ್ಮಲ್ಲಿ ಓದು ಕಡಿಮೆಯಾದಷ್ಟೂ ಪಾಳಯ ಗಟ್ಟಿಯಾಗುತ್ತದೆ. ಲೇಖಕನ ವಿಚಾರ ಏನೇ ಇರಲಿ, ಅವನ ಪಾತ್ರಗಳು ಅವನ ಪಕ್ಷದ ಚೀಟಿ ಹಿಡಿದು ನಡೆಯುವುದಿಲ್ಲ. ಒಳ್ಳೆಯ ಕಥೆಗೆ ಆ ಗುಣವುಂಟು. ಹಾರಕ್ಕೆ ಆ ಗುಣವಿಲ್ಲ.

"ಮೇಷ್ಟ್ರೇ, ಪ್ರಶಸ್ತಿಯೇ ಬೇಡವೆನ್ನುತ್ತೀರಾ? ಬರೆಯುವವರಿಗೂ ಹೊಟ್ಟೆ ಬಟ್ಟೆ ಬೇಡವೇ?" ಎಂದು ಜೀವವಿಮೆಯ ಮಿತ್ರರು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಅದೇ ವರ್ಷ ಹಿಂದಿಯಲ್ಲಿ ಸಿಕ್ಕಿತು. ರಾಯಪುರದ ಶ್ರೀ ವಿನೋದ್ ಕುಮಾರ್ ಶುಕ್ಲರಿಗೆ ಜ್ಞಾನಪೀಠವೆಂದು ೨೦೨೫ರ ಮಾರ್ಚ್ ೨೨ರಂದು ಪ್ರಕಟವಾಯಿತು. ಮಿತಭಾಷಿ, ಮನೆ ಬಿಟ್ಟು ಹೆಚ್ಚಾಗಿ ಹೊರಡದ ಹಿರಿಯರು. ಅವರ 'ದೀವಾರ್ ಮೇಂ ಏಕ್ ಖಿಡಕೀ ರಹತೀ ಥೀ' ಎಂಬ ಕಾದಂಬರಿ ೧೯೯೭ರದು. ೧೯೯೯ರಲ್ಲೇ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಬಡ ಉಪನ್ಯಾಸಕನೊಬ್ಬನ ಸಂಸಾರದ ಕಥೆ, ಅಬ್ಬರವಿಲ್ಲ, ಆರ್ಭಟವಿಲ್ಲ. ಆದರೆ ೨೦೨೨ರಲ್ಲಿ ಈ ಲೇಖಕರು ತಮ್ಮ ಪುಸ್ತಕಗಳಿಂದ ಬರುವ ಗೌರವಧನ ಎಷ್ಟು ಅಲ್ಪವೆಂಬುದನ್ನು ಬಹಿರಂಗವಾಗಿ ಹೇಳಿಕೊಳ್ಳಬೇಕಾಯಿತು. ಅಕಾಡೆಮಿಯ ಪ್ರಶಸ್ತಿ ಬಂದು ಎರಡು ದಶಕಗಳಾಗಿದ್ದವು. ಅದು ಅವರ ಈ ಕಷ್ಟವನ್ನು ತೀರಿಸಿರಲಿಲ್ಲ.

ಆಮೇಲೆ ಏನಾಯಿತು? ಹೊಸ ತಲೆಮಾರಿನ ಓದುಗರ ಕೈಗೆ ಆ ಹಳೆಯ ಕಾದಂಬರಿ ಸಿಕ್ಕಿತು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹಬ್ಬಿತು. ೨೦೨೫ರ ಸೆಪ್ಟೆಂಬರಿನಲ್ಲಿ ರಾಯಪುರದಲ್ಲಿ ನಡೆದ ಸಮಾರಂಭದಲ್ಲಿ ಪ್ರಕಾಶಕರು ಅವರಿಗೆ ಒಂದೇ ಚೆಕ್ಕಿನಲ್ಲಿ ೩೦ ಲಕ್ಷ ರೂಪಾಯಿ ಗೌರವಧನ ಕೊಟ್ಟರು. ಕೆಲವೇ ತಿಂಗಳ ಮಾರಾಟದ ಪಾಲು. ಜ್ಞಾನಪೀಠದ ಮೊಬಲಗು ೧೧ ಲಕ್ಷ. ಯಾವುದು ದೊಡ್ಡ ಪ್ರಶಸ್ತಿ? ದೆಹಲಿಯ ಸಮಿತಿ ಕೊಟ್ಟದ್ದಕ್ಕಿಂತ ಸುಮಾರು ಮೂರು ಪಟ್ಟನ್ನು ಹೆಸರಿಲ್ಲದ ಓದುಗರು, ಒಂದೊಂದು ಪ್ರತಿ ಕೊಂಡು, ಕೊಟ್ಟರು. ಆ ಪುಸ್ತಕಕ್ಕೆ ಆಗ ಇಪ್ಪತ್ತೆಂಟು ವರ್ಷ ವಯಸ್ಸು. ಡಿಸೆಂಬರ್ ೨೩ರಂದು ಶುಕ್ಲರು ತೀರಿಕೊಂಡರು. ತಮ್ಮನ್ನು ಜನ ಓದುತ್ತಿದ್ದಾರೆಂಬುದನ್ನು ಕಣ್ಣಾರೆ ಕಂಡು ಹೋದರಲ್ಲ, ಅದು ಎಲ್ಲ ಲೇಖಕರ ಭಾಗ್ಯವಲ್ಲ.

"ಜ್ಞಾನಪೀಠ ಬಂದದ್ದರಿಂದಲೇ ಮಾರಾಟವಾಯಿತು, ಬೂಕರ್ ಬಂದದ್ದರಿಂದಲೇ ನಿಮ್ಮ ಮೊಮ್ಮಗಳು ಕೊಂಡಳು, ನೀವು ಗ್ರಂಥಾಲಯಕ್ಕೆ ಹೋದಿರಿ" ಎಂದು ಎದುರುವಾದ ಹೂಡಬಹುದು. ಒಪ್ಪಿದೆ. ಪ್ರಶಸ್ತಿ ಬಾಗಿಲು ತಟ್ಟುತ್ತದೆ. ಬಾಗಿಲು ತೆರೆಯುವ ಕೆಲಸ ನಮ್ಮದು. ನಾವು ಮಾಡುತ್ತಿರುವುದೇನೆಂದರೆ, ತಟ್ಟಿದ ಶಬ್ದಕ್ಕೇ ಚಪ್ಪಾಳೆ ಹೊಡೆದು ಮತ್ತೆ ಮಲಗುವುದು. ಕೊಂಡ ಪುಸ್ತಕವೆಲ್ಲ ಓದಿದ ಪುಸ್ತಕವಲ್ಲ ಎಂಬುದಕ್ಕೆ ನನ್ನ ಮನೆಯ ಗೋಡೆಯೇ ಸಾಕ್ಷಿ.

ಸರ್ಕಾರಗಳು ಈ ವಿಷಯದಲ್ಲಿ ಏನೂ ಮಾಡಿಲ್ಲವೆನ್ನುವುದೂ ತಪ್ಪಾಗುತ್ತದೆ. ೨೦೨೧ರ ಆಗಸ್ಟಿನಲ್ಲಿ, ಶ್ರೀ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಗಳಾಗಿದ್ದಾಗ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲುಗಳು ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಆದೇಶವಾಯಿತು. ೨೦೨೩ರ ಮೇ ತಿಂಗಳಲ್ಲಿ, ಆಗ ತಾನೇ ಆ ಸ್ಥಾನಕ್ಕೆ ಬಂದ ಶ್ರೀ ಸಿದ್ದರಾಮಯ್ಯನವರೂ ತಮಗೆ ಹೂವು ಶಾಲು ಬೇಡ, ಕೊಡುವುದಾದರೆ ಪುಸ್ತಕ ಕೊಡಿ ಎಂದರು. ಬೇರೆ ಬೇರೆ ಪಕ್ಷದವರಾದ ಇಬ್ಬರು ಮುಖ್ಯಮಂತ್ರಿಗಳು ಒಂದೇ ಮಾತು ಹೇಳಿದ ಈ ಅಪೂರ್ವ ಪ್ರಸಂಗವನ್ನು ನಾನು ಮನಸಾರೆ ಮೆಚ್ಚಿದೆ. ಆದರೆ ಆಮೇಲೆ ನಾನು ಹೋದ ಸಭೆಗಳಲ್ಲಿ ಕಂಡದ್ದು ಬೇರೆ. ಬಣ್ಣದ ಕಾಗದ ಸುತ್ತಿದ ಪುಸ್ತಕವನ್ನು ಕೊಟ್ಟರು. ತೆಗೆದುಕೊಂಡವರು ಫೋಟೋಕ್ಕೆ ನಕ್ಕು, ಹೆಸರನ್ನೂ ನೋಡದೆ ಪಕ್ಕದವರ ಕೈಗೆ ದಾಟಿಸಿದರು. ಸಭೆ ಮುಗಿದ ಮೇಲೆ ಕುರ್ಚಿಯ ಕೆಳಗೆ, ಸುತ್ತಿದ ಕಾಗದ ಬಿಚ್ಚದೆ, ಒಂದು ಪ್ರತಿ ಉಳಿದಿತ್ತು. ಹೂವಿನ ಬದಲು ಪುಸ್ತಕ ಬಂದಾಗ ಓದು ಹೆಚ್ಚುತ್ತದೆಂದು ನಾವು ತಿಳಿದಿದ್ದೆವು. ಆದದ್ದು ಇಷ್ಟು: ಹೂವಿಗೆ ಬರುತ್ತಿದ್ದ ಗತಿ ಪುಸ್ತಕಕ್ಕೆ ಬಂತು. ಹೂವಾದರೋ ಸಂಜೆಯವರೆಗೆ ವಾಸನೆ ಕೊಡುತ್ತಿತ್ತು.

ಟೀಕೆ ಮಾಡಿದವನು ಮದ್ದನ್ನೂ ಹೇಳಬೇಕು. ನನ್ನಲ್ಲಿ ದೊಡ್ಡ ಯೋಜನೆಗಳಿಲ್ಲ. ಸರ್ಕಾರಕ್ಕೆ ಮನವಿಯೂ ಇಲ್ಲ. ಒಂದು ಸಣ್ಣ ಕಟ್ಟಳೆಯನ್ನು ಸೂಚಿಸುತ್ತೇನೆ. ಇನ್ನು ಮುಂದೆ ಯಾವುದೇ ಸಂಘ, ಯಾವುದೇ ಬಡಾವಣೆಯ ಕನ್ನಡ ಕೂಟ, ಲೇಖಕರೊಬ್ಬರನ್ನು ಸನ್ಮಾನಿಸುವಾಗ, ಶಾಲು ಹೊದಿಸುವವರು ಮೊದಲು ಧ್ವನಿವರ್ಧಕದ ಮುಂದೆ ನಿಂತು, ಆ ಲೇಖಕರ ಒಂದು ಕಥೆಯನ್ನೋ ಕವಿತೆಯನ್ನೋ ಕುರಿತು ಐದು ನಿಮಿಷ ಮಾತಾಡಬೇಕು. ಹೊಗಳಬೇಕೆಂದಿಲ್ಲ. ಹಿಡಿಸಲಿಲ್ಲವೆಂದರೆ ಅದನ್ನೇ ಹೇಳಲಿ. ಲೇಖಕರಿಗೆ ಅದೂ ಸಂತೋಷವೇ, ಓದಿದ್ದಾರಲ್ಲ ಎಂದು. ಓದದಿದ್ದರೆ ಶಾಲನ್ನು ಮಡಿಸಿ ಇಟ್ಟು ಇಳಿಯಬೇಕು. ಈ ಕಟ್ಟಳೆ ಜಾ‌ರಿಗೆ ಬಂದರೆ ಸನ್ಮಾನಗಳ ಸಂಖ್ಯೆ ಬಹಳ ಕಡಿಮೆಯಾಗುವುದೆಂಬ ಭಯ ಕೆಲವರಿಗಿದೆ. ನನಗೆ ಅದು ಭಯವಲ್ಲ, ಆಸೆ.

ನಮ್ಮ ಪಾರ್ಕಿನಲ್ಲಿ ಇದನ್ನು ಆರಂಭಿಸಿದ್ದೇವೆ. ಭಾನುವಾರ ಐವರಲ್ಲಿ ಒಬ್ಬರು ಓದಿದ್ದನ್ನು ಹೇಳಬೇಕು. ಹೇಳದವರು ಎಲ್ಲರಿಗೂ ಕಾಫಿ ಕೊಡಿಸಬೇಕು. ಭೈರಪ್ಪನವರ ಪಕ್ಷಪಾತಿಯಾದ ಇಂಜಿನಿಯರಿಗೆ 'ಕರಿ ನಾಗರಗಳು' ಕಥೆಯನ್ನು ಕೊಟ್ಟೆವು. 'ಆವರಣ'ದ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದ ಬ್ಯಾಂಕಿನ ಮಿತ್ರರಿಗೆ 'ಗೃಹಭಂಗ'ವನ್ನು ಕೊಟ್ಟೆವು. ಇಂಜಿನಿಯರು ಒಂದು ವಾರ ಏನೂ ಹೇಳಲಿಲ್ಲ. ಮರುವಾರ ಬಂದವರು, "ಆ ಮುತವಲ್ಲಿ ಇದ್ದಾನಲ್ಲ, ಅವನು ನಮ್ಮ ದೊಡ್ಡಪ್ಪನೇ" ಎಂದರು. ಅವರ ದೊಡ್ಡಪ್ಪ ಮಠದ ಪಾರುಪತ್ಯಗಾರರಾಗಿದ್ದವರು. ಬ್ಯಾಂಕಿನವರು ನಂಜಮ್ಮ ಸತ್ತ ಪುಟದಲ್ಲಿ ನಿಂತಿದ್ದಾರೆ. ಮುಂದಕ್ಕೆ ಹೋಗಲು ಮನಸ್ಸು ಬರುತ್ತಿಲ್ಲವಂತೆ.

ಇಬ್ಬರ ರಾಜಕೀಯವೂ ಬದಲಾಗಿಲ್ಲ; ಬದಲಾಗಬೇಕೆಂದು ನಾನು ಕೇಳುವವನೂ ಅಲ್ಲ. ಆದರೆ ಬೆಳಿಗ್ಗೆ ಪತ್ರಿಕೆ ಬಿಚ್ಚಿ, ಯಾರಿಗೋ ಪ್ರಶಸ್ತಿ ಬಂದ ಸುದ್ದಿ ಕಂಡಾಗ, ಅವರು ಈಗ ಮೊದಲು ಕೇಳುವ ಪ್ರಶ್ನೆ, "ಅವರು ಯಾವ ಕಡೆಯವರು?" ಎಂಬುದಲ್ಲ. "ಅವರ ಪುಸ್ತಕ ನಮ್ಮಲ್ಲಿ ಯಾರ ಹತ್ತಿರವಾದರೂ ಇದೆಯೇ?" ಎಂಬುದು. ಪ್ರಿಯ ವಾಚಕರೇ, ನಿಮ್ಮ ಹತ್ತಿರ ಇದೆಯೇ?